ಶೇಷಗಿರಿ ಮಾಸ್ತರ ಪಿಟೀಲೂ ಬೇಲೂರು ಸಂತೆಯ ಹಸುವೂ

ಅರಸೀಕೆರೆಯಲ್ಲಿ ಅಟ್ಟ ಇರುವುದು ತೆಂಗಿನಕಾಯಿಗೆ. ತೋಟದಿಂದ ಬಂದ ಕಾಯನ್ನು ಅಟ್ಟಕ್ಕೇರಿಸಿ, ಹೆಚ್ಚುಕಡಿಮೆ ವರ್ಷ ಕಾದು, ಒಳಗಿನ ಕೊಬ್ಬರಿ ಒಣಗಿ ಅಲ್ಲಾಡಿಸಿದರೆ ಲೊಡಲೊಡ ಅಂದ ಮೇಲೆ ಇಳಿಸಿ ಮಂಡಿಗೆ ಕಳಿಸುವುದು ಅಲ್ಲಿನವರ ಕುಲಧರ್ಮ. ಇಂಥ ಊರಿನಲ್ಲಿ ಹುಟ್ಟಿ, ಇದೇ ವ್ಯಾಪಾರ ಮಾಡುವ ಉಮಾಶಂಕರನ ಅಟ್ಟದಲ್ಲಿ ಮಾತ್ರ ಒಂದೇ ಒಂದು ಕಾಯಿ ಇರಲಿಲ್ಲ. ಅಲ್ಲಿದ್ದದ್ದು ಗ್ರಾಮಫೋನ್ ಪ್ಲೇಟುಗಳು. ಕಾಯಿ ಪಾಪ, ಅಂಗಳದಲ್ಲಿ ತಾಡಪಾಲಿನ ಕೆಳಗೆ ಬಿದ್ದುಕೊಂಡು ತನ್ನ ಹಣೆಬರಹಕ್ಕೆ ಅಳುತ್ತಿತ್ತು.

ಪ್ಲೇಟು ಅಂದ ತಕ್ಷಣ ಹಾಡಿನ ಪ್ಲೇಟು ಅಂದುಕೊಂಡು ಅವನ ಮುಂದೆ ಬಾಯಿ ಬಿಟ್ಟೀರಿ, ಜೋಕೆ. ಹಾಡನ್ನು ಯಾರು ಬೇಕಾದರೂ ಕೇಳುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ ಎಂಬುದು ಅವನ ಮತ. ಅವನು ಕೂಡಿಡುತ್ತಿದ್ದದ್ದು ಸಿನಿಮಾದ ಹಿನ್ನೆಲೆ ಸಂಗೀತದ ಪ್ಲೇಟುಗಳನ್ನು. ನಾಯಕ ಮೆಟ್ಟಿಲು ಹತ್ತುವಾಗ, ನಾಯಕಿ ಕಾಗದ ಹರಿಯುವಾಗ, ಖಳನಾಯಕ ಬಾಗಿಲ ಹಿಂದೆ ನಿಂತು ಉಸಿರು ಬಿಡುವಾಗ ಬರುತ್ತದಲ್ಲ, ಆ ಸಂಗೀತ. ಊರೆಲ್ಲ ಕಡಲೆಕಾಯಿ ಸುಲಿಯುತ್ತ ಕೇಳದೆ ಬಿಟ್ಟದ್ದನ್ನು ತಾನೊಬ್ಬನೇ ಕೇಳಿ ಲೋಕದ ಋಣ ತೀರಿಸುತ್ತಿದ್ದೇನೆ ಎಂದು ಅವನು ನಂಬಿದ್ದ.

ಈ ಲೋಕದಲ್ಲಿ ಅವನ ಪಾಲಿಗೆ ದೇವರು ಶೇಷಗಿರಿ ಮಾಸ್ತರು, ಶನಿ ಪದ್ಮಾಕರ್. ಇಬ್ಬರೂ ಸಂಗೀತ ನಿರ್ದೇಶಕರು. ಇಬ್ಬರೂ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಆದರೂ ಅವರ ಜಗಳ ಅರಸೀಕೆರೆಯ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ದಿನಾ ನಡೆಯುತ್ತಿತ್ತು.

“ನಾಯಕ ಮೆಟ್ಲು ಹತ್ತಾನೆ ಅಂತಿಟ್ಕಳಿ,” ಎಂದು ಉಮಾಶಂಕರ ಶುರು ಮಾಡುತ್ತಿದ್ದ. “ಮೊದಲ್ನೇ ಮೆಟ್ಲಿಗೆ ಶೇಷಗಿರಿ ಮಾಸ್ತರು ಒಂದು ಪಿಟೀಲು ಬಿಡ್ತಾರೆ. ಎರಡನೇದಕ್ಕೆ ಕೊಳಲು ಜೊತೆಗೆ ಬತ್ತದೆ. ಆಮೇಲೆ ವೀಣೆ. ಮೇಲಕ್ಕೆ ಹೋಗೋ ಹೊತ್ಗೆ ಐವತ್ತು ಜನ ಬಾರಿಸ್ತಿರ್ತಾರೆ. ಪದ್ಮಾಕರ್ ಏನ್ ಮಾಡ್ತಾನೆ? ಒಂದ್ಸಲ ಡೊಂಯ್ ಅನ್ನಿಸಿ ಸುಮ್ನೆ ಕೂತ್ಕತಾನೆ. ನಾಯಕ ಪಾಪ ಒಬ್ಬನೇ ಹತ್ಬೇಕು.”

ಬಾಯಲ್ಲಿ ಹೇಳಿ ಬಿಟ್ಟಿದ್ದರೆ ಯಾರ ತಕರಾರೂ ಇರಲಿಲ್ಲ. ಆದರೆ ಅವನ ಗಂಟಲಿನಲ್ಲಿ ರಾಗ ನಿಲ್ಲುತ್ತಿರಲಿಲ್ಲವಾದ್ದರಿಂದ ಅವನು ಎದುರಿಗಿದ್ದವರ ಕೈ ಹಿಡಿದುಕೊಳ್ಳುತ್ತಿದ್ದ. ತೋರುಬೆರಳು ಅಮುಕಿದರೆ ಪಿಟೀಲು, ಅದರ ಜೊತೆ ನಡುಬೆರಳು ಅಮುಕಿದರೆ ಕೊಳಲು ಸೇರಿತು, ಉಂಗುರದ ಬೆರಳು ವೀಣೆ, ಕಿರುಬೆರಳು ಮೃದಂಗ. ಇಡೀ ಅಂಗೈ ಹಿಡಿದು ಹಿಂಡಿದರೆ ಸಕಲ ವಾದ್ಯವೃಂದ. ಕೂದಲು ಕತ್ತರಿಸುವವನು ಕತ್ತರಿ ಕೆಳಗಿಟ್ಟು ಅಮುಕಿಸಿಕೊಂಡಿದ್ದ. ಬ್ಯಾಂಕಿನ ಕ್ಯಾಷಿಯರು ಕಿಟಕಿಯೊಳಗಿಂದ ಕೈ ಕೊಟ್ಟು ಕೆಟ್ಟಿದ್ದ. ಈಚೆಗೆ ಅವನು ಬಂದು ಪಕ್ಕ ಕೂತರೆ ಜನ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು.

ಊರಿನಲ್ಲಿ ಅವನಿಗೆ ಎದುರು ನಿಲ್ಲುವವರು ಒಬ್ಬರೇ, ಗಂಗಾಧರಯ್ಯ. ಹೆಂಡತಿ ಲತಾಮಣಿಯ ಸೋದರಮಾವ, ರಿಟೈರಾದ ರೈಲ್ವೆ ಗಾರ್ಡು. ಒಂದು ಸಲ ಸೀಟಿ ಊದಿ ಸುಮ್ಮನೆ ನಿಂತರೆ ಇಡೀ ಗಾಡಿ ಹೊರಡುತ್ತದೆ ಎಂಬುದನ್ನು ಜೀವಮಾನವಿಡೀ ಕಂಡವರಾದ್ದರಿಂದ ಅವರು ಸಹಜವಾಗಿ ಪದ್ಮಾಕರ್ ಪಕ್ಷ.

ಒಂದು ದಿನ ಮಾತು ಬೆಳೆದು ಉಮಾಶಂಕರ ಎದೆ ತಟ್ಟಿಕೊಂಡ. “ಶೇಷಗಿರಿ ಮಾಸ್ತರ್ದು ಪ್ಲೇಟು ಅಂತ ಬಂದಿರೋದು ಒಂದೂ ಬಿಡದಂಗೆ ನನ್ ಅಟ್ಟದ ಮೇಲವೆ ಮಾವ.”

“ಕಾಡಿನ ಪಿಕ್ಚರ್ದೂ ಐತೇನಪ್ಪ?” ಅಂದರು ಗಂಗಾಧರಯ್ಯ, ಕಾಫಿ ಲೋಟದ ಮೇಲಿನಿಂದ ನೋಡುತ್ತ.

ಶೇಷಗಿರಿ ಮಾಸ್ತರು ಸಂಗೀತ ಕೊಟ್ಟಿದ್ದ ಒಂದು ಕಾಡಿನ ಚಿತ್ರದ ಪ್ಲೇಟು ಮಾತ್ರ ಅವನಲ್ಲಿರಲಿಲ್ಲ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲೂ ಇರಲಿಲ್ಲ. ಅದಿಲ್ಲವೆಂಬ ಕೊರಗಿನಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೆ ಹೋಟೆಲು ತುಂಬ ಜನರಿದ್ದರು.

“ಐತೆ,” ಅಂದುಬಿಟ್ಟ.

“ಹಂಗಾರೆ ಭಾನುವಾರ ಬೆಳಗ್ಗೆ ಇವರನ್ನೆಲ್ಲಾ ಕರ್ಕೊಂಡ್ ಬತ್ತೀನಿ. ಪ್ಲೇಟು ಹಾಕು. ಹಾಕಿದ್ರೆ ನಾನು ಎಲ್ಲಾರ ಮುಂದೆ ಶೇಷಗಿರೀನೇ ದೊಡ್ಡೋನು ಅಂತೀನಿ. ಇಲ್ದೇ ಇದ್ರೆ ಪದ್ಮಾಕರ್ ದೊಡ್ಡೋನು ಅಂತ ನೀನನ್ಬೇಕು. ನಿನ್ ಬಾಯಲ್ಲೇ.”

ಅಂದಿನಿಂದ ಉಮಾಶಂಕರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಂಡಿಯಲ್ಲಿ ಕೂತರೆ ಎದ್ದ, ಎದ್ದರೆ ಕೂತ. ಗೊತ್ತಿದ್ದವರಿಗೆಲ್ಲ ಫೋನು ಮಾಡಿದ. ಕೊನೆಗೆ ಹಳೇಬೀಡಿನಲ್ಲಿ ಬಸದಿಯ ಹತ್ತಿರ ಜಯಕುಮಾರ ಎಂಬ ಜೈನರ ಮನೆಯಲ್ಲಿ, ತೀರಿಕೊಂಡ ತಂದೆಯ ಸಾಮಾನಿನಲ್ಲಿ, ಆ ಪ್ಲೇಟು ಇದೆಯೆಂದು ಪತ್ತೆಯಾಯಿತು. ಜಯಕುಮಾರ ಫೋನಿನಲ್ಲಿ ಮೆತ್ತಗೆ ಮಾತಾಡಿದರು.

“ಇದೆ, ಆದ್ರೆ ಮಾರೋದಿಲ್ಲ ಸ್ವಾಮಿ. ಇದರ ಬೆಲೆ ತಿಳಿದೋನು ಬಂದ್ರೆ ಹಂಗೇ ಕೊಡು ಅಂತ ನಮ್ಮ ತಂದೆ ಹೇಳಿದ್ರು. ಶುಕ್ರವಾರ ನಾನು ಬೇಲೂರು ಸಂತೆಗೆ ಹಸು ಹೊಡ್ಕೊಂಡು ಬರ್ತೀನಿ. ಮಂಡಿ ನೋವು, ಕೂತು ಹಾಲು ಕರೆಯೋಕಾಗಲ್ಲ, ಅದಕ್ಕೆ ಮಾರ್ತಿದೀನಿ. ನೀವು ಅಲ್ಲಿಗೇ ಬನ್ನಿ. ಹೊತ್ತು ಮುಳುಗೋದ್ರೊಳಗೆ ನಾನು ಮನೆ ಸೇರಿ ಊಟ ಮುಗಿಸ್ಬೇಕು, ತಡ ಮಾಡ್ಬೇಡಿ.”

ಇನ್ನು ಉಳಿದದ್ದು ಲತಾಮಣಿ. ಅಟ್ಟದ ಮೇಲಿನ ಒಂದೊಂದು ರಟ್ಟನ್ನೂ ಒರೆಸಿಡುವವಳು ಅವಳೇ. ಹೊಸದೊಂದು ಬಂದರೆ ಅವಳ ಕಣ್ಣಿಗೆ ಬೀಳದೆ ಇರಲು ಸಾಧ್ಯವಿಲ್ಲ. ಯುಗಾದಿಯ ದಿನವೇ ಅವಳು ಹೇಳಿದ್ದಳು: “ಇನ್ನೊಂದು ಪ್ಲೇಟು ಈ ಹೊಸಲು ದಾಟಿದ್ರೆ ಅಟ್ಟದ ಮೇಲಿರೋ ಅಷ್ಟೂ ಗುಜರಿಗೆ ಹಾಕಿ ಅಲ್ಲಿ ಕಾಯಿ ತುಂಬಿಸ್ತೀನಿ. ನಾನು ಆಡಿದ್ಮೇಲೆ ಮಾಡೋಳು, ನಿಮಗೇ ಗೊತ್ತು.” ಅವನಿಗೆ ಗೊತ್ತಿತ್ತು. ಆದರೆ ಭಾನುವಾರ ಬೆಳಗ್ಗೆ ಅವಳು ತಪ್ಪದೆ ಮಠದಲ್ಲಿ ಅಕ್ಕನ ಬಳಗದ ವಚನ ಗಾಯನಕ್ಕೆ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಪ್ಲೇಟು ಹಾಕಿ, ಮಾವನ ಬಾಯಿ ಮುಚ್ಚಿಸಿ, ಅವಳು ಬರುವುದರೊಳಗೆ ಮಂಡಿಗೆ ಸಾಗಿಸಿಬಿಡಬಹುದು. ಶುಕ್ರವಾರ ಬೇಲೂರಿಗೆ ಹೋಗಲಿಕ್ಕೆ ಒಂದು ನೆಪ ಸಿಕ್ಕಿದರೆ ಸಾಕು. ಸುಳ್ಳಿಗೂ ಒಂದು ಬುಡ ಬೇಕಲ್ಲ, ಜಯಕುಮಾರ ಕೊಟ್ಟ ಬುಡವನ್ನೇ ಹಿಡಿದುಕೊಂಡ.

“ಲತಾ, ಶುಕ್ರವಾರ ಬೇಲೂರು ಸಂತೆಗೆ ಹೋಗಿ ಒಂದು ಹಸು ನೋಡ್ಕೊಂಡು ಬರ್ತೀನಿ.”

ಲತಾಮಣಿ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿದಳು. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲಿ ಒಂದು ಹಸು ಬೇಕು ಎಂದು ಕೇಳಿ ಕೇಳಿ ಅವಳ ಬಾಯಿ ನೊಂದು ಹೋಗಿತ್ತು. “ನಿಜವಾಗ್ಲೂನಾ?” ಅಂದಳು. ಅವಳ ಕಣ್ಣಲ್ಲಿ ನೀರಾಡಿತು. ಹಸು ನೋಡಿ, ಯಾವುದೂ ಸರಿಬರಲಿಲ್ಲ ಎಂದು ಹೇಳುವ ಯೋಚನೆಯಲ್ಲಿದ್ದ ಉಮಾಶಂಕರ ಆ ಕಣ್ಣು ನೋಡಿ ಎದ್ದು ಅಂಗಳಕ್ಕೆ ಹೋಗಿ ಕಾಯಿ ಎಣಿಸುವವನಂತೆ ನಿಂತ.

ಶುಕ್ರವಾರ ಬೆಳಗ್ಗೆ ಅವಳು ಸೀರೆ ಅಂಗಡಿಯ ಚೀಲದಲ್ಲಿ ತನ್ನ ಚೀಟಿಯ ಹಣವನ್ನೆಲ್ಲ ಗಂಟು ಕಟ್ಟಿ ಕೊಟ್ಟಳು. ಮೇಲೆ ಅರಿಸಿನ ಹಚ್ಚಿದ ಹೊಸ ಹಗ್ಗ ಒಂದನ್ನು ಅವನ ಹೆಗಲಿಗೆ ಹಾಕಿದಳು. ಮಾರುವವನು ತನ್ನ ಹಗ್ಗ ಬಿಚ್ಚಿಕೊಂಡೇ ಹಸು ಕೊಡುವುದು, ಕೊಳ್ಳುವವನು ಹಗ್ಗ ತರಬೇಕು. ಪಕ್ಕದ ಮನೆ ಹುಚ್ಚಮ್ಮ ಬಾಗಿಲಲ್ಲಿ ನಿಂತು, “ಒಳ್ಳೇ ಸುಳಿ ನೋಡಿ ತಗಳಪ್ಪ,” ಎಂದು ಹರಸಿದಳು. ಇಷ್ಟು ಮರ್ಯಾದೆಯೊಂದಿಗೆ ಸುಳ್ಳು ಹೇಳಲು ಹೊರಟ ಗಂಡಸು ಅರಸೀಕೆರೆಯಲ್ಲಿ ಬೇರೆ ಇರಲಿಕ್ಕಿಲ್ಲ.

ಬಸ್ಸಿಳಿದು ಬೇಲೂರು ಸಂತೆಯೊಳಗೆ ಕಾಲಿಟ್ಟದ್ದೇ ತಡ, ಹೆಗಲ ಮೇಲಿನ ಹೊಸ ಹಗ್ಗ ನೋಡಿ ದಲ್ಲಾಳಿಗಳು ಮುತ್ತಿದರು. ಒಬ್ಬ ಎತ್ತಿನ ಬಾಯಿ ಅಗಲಿಸಿ ಹಲ್ಲು ತೋರಿಸಿದ. ಇನ್ನೊಬ್ಬ ಎಮ್ಮೆಯ ಬಾಲವನ್ನೇ ಅವನ ಕೈಗೆ ಕೊಟ್ಟ. ಅವರಿಂದೆಲ್ಲ ಬಿಡಿಸಿಕೊಂಡು ಹುಣಸೆಮರದ ಕೆಳಗೆ ನಿಂತಿದ್ದ ಜಯಕುಮಾರರನ್ನು ಹುಡುಕುವ ಹೊತ್ತಿಗೆ ಅವನ ಅಂಗಿಯ ಎರಡು ಗುಂಡಿ ಹೋಗಿತ್ತು. ಜಯಕುಮಾರ ಬಿಳೀ ಪಂಚೆಯ ತೆಳ್ಳನೆಯ ಮನುಷ್ಯ. ಒಂದು ಕೈಯಲ್ಲಿ ಕಪ್ಪು ಬಿಳುಪಿನ ಹಸು, ಇನ್ನೊಂದು ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಚೌಕನೆಯ ವಸ್ತು. ಪಕ್ಕದಲ್ಲಿ ದಲ್ಲಾಳಿ ಕರಿಯಯ್ಯ.

“ಹಗ್ಗಾನೂ ತಂದಿದೀರ,” ಅಂದರು ಜಯಕುಮಾರ, ಸಂತೋಷದಿಂದ.

“ಮನೆಯವಳು ಹಾಕಿ ಕಳಿಸಿದ್ಳು,” ಅಂದ ಉಮಾಶಂಕರ. ಅವನ ಕಣ್ಣು ಅವರ ಕಂಕುಳಿನ ಮೇಲಿತ್ತು.

“ಒಳ್ಳೇದಾಯ್ತು. ಕಟುಕರ ಕೈಗೆ ಹೋಗ್ಬಾರ್ದು, ಮನೆ ನೋಡಿ ಕೊಡಿ ಅಂತ ನಮ್ಮ ಮನೆಯಾಕೆ ಶೀಲಾವತಿ ಸಾವಿರ ಸಲ ಹೇಳಿ ಕಳಿಸಿದಾಳೆ. ಇರ್ಲಿ, ಮೊದಲು ಇದರ ವಿಷ್ಯ ಹೇಳಿ,” ಎಂದು ಕಂಕುಳನ್ನು ತಟ್ಟಿದರು. “ಈ ಶೇಷಗಿರಿ ಮಾಸ್ತರ ಹೆಚ್ಚುಗಾರಿಕೆ ಏನು?”

ಇದನ್ನು ಕೇಳಿದ್ದೇ ಉಮಾಶಂಕರನಿಗೆ ಸಂತೆ ಮರೆತುಹೋಯಿತು. ಅಭ್ಯಾಸದಂತೆ ಮುಂದೆ ಬಾಗಿ ಜಯಕುಮಾರರ ಕೈ ಹಿಡಿದುಕೊಂಡ.

ಇಲ್ಲಿ ದನದ ಸಂತೆಯ ಶಾಸ್ತ್ರ ಒಂದನ್ನು ಹೇಳಬೇಕು. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಮರೆಯಲ್ಲಿ ಬೆರಳು ಹಿಡಿಯುತ್ತಾರೆ. ಒಂದು ಬೆರಳಿಗೆ ಒಂದು ಬೆಲೆ, ಎರಡಕ್ಕೆ ಅದರ ಮೇಲೆ, ಅಂಗೈ ಹಿಡಿದರೆ ಐದು ಪಟ್ಟು. ಸುತ್ತ ನಿಂತವರಿಗೆ ಗೊತ್ತಾಗದಿರಲೆಂದು ಬಾಯಿ ಮಾತ್ರ ಮಳೆ, ಬೆಳೆ, ಮೊಮ್ಮಕ್ಕಳು ಎಂದು ಬೇರೇನೋ ಮಾತಾಡುತ್ತಿರಬೇಕು. ಎಷ್ಟು ಸಂಬಂಧವಿಲ್ಲದ ಮಾತಾಡುತ್ತಾನೋ ಅಷ್ಟು ಪಳಗಿದ ವ್ಯಾಪಾರಸ್ಥ.

ಹೊಸ ಹಗ್ಗದ ಆಸಾಮಿ ಹಸುವಿನ ಯಜಮಾನನ ಕೈಯನ್ನು ಬಯಲಲ್ಲೇ ಹಿಡಿದದ್ದು ಕಂಡು ಕರಿಯಯ್ಯನಿಗೆ ಜೀವ ಹೋದಂತಾಯಿತು. ತಟ್ಟನೆ ತನ್ನ ಟವಲು ತೆಗೆದು ಇಬ್ಬರ ಕೈಯ ಮೇಲೆ ಹಾಕಿದ. ಬಿಸಿಲಿಗೆ ಹಾಕಿರಬೇಕು ಅಂದುಕೊಂಡ ಉಮಾಶಂಕರ.

“ಮೊದಲು ಪದ್ಮಾಕರ್ ತಗೊಳಿ ಸ್ವಾಮಿ,” ಎಂದು ಒಂದೇ ಒಂದು ಬೆರಳು ಅಮುಕಿ ಬಿಟ್ಟ.

ಜಯಕುಮಾರರ ಮುಖ ಸಪ್ಪಗಾಯಿತು. “ಇಷ್ಟೇನಾ?”

“ಇಷ್ಟೇ. ಇದಕ್ಕಿಂತ ಮೇಲಕ್ಕೆ ಹೋಗೋನೇ ಅಲ್ಲ ಅವನು. ಅದೇ ನಾನು ಹೇಳೋದು, ಬಡ ಜೀವ. ಈಗ ನಮ್ಮ ಶೇಷಗಿರಿ ಮಾಸ್ತರ್ನ ನೋಡಿ.” ಒಂದು ಬೆರಳು ಹಿಡಿದ, ಎರಡು ಹಿಡಿದ, ಮೂರು ಹಿಡಿದ. “ನಾಯಕ ಹತ್ತಾ ಇದಾನೆ. ಹತ್ತಾ ಇದಾನೆ.” ನಾಲ್ಕು ಹಿಡಿದ.

ಜಯಕುಮಾರ ಕಣ್ಣರಳಿಸಿದರು. ಮಾರುವವನು ಒಂದು ಮಾತೂ ಆಡದೆ ಇರುವಾಗ ತಾನೇ ತಾನಾಗಿ ಬೆಲೆ ಏರಿಸಿಕೊಂಡು ಹೋಗುವ ಗಿರಾಕಿಯನ್ನು ಬೇಲೂರು ಸಂತೆ ಕಂಡಿರಲಿಲ್ಲ. “ಸಾಕು, ಅಷ್ಟಾದ್ರೆ ಸಾಕು,” ಅಂದರು.

“ಸಾಕು ಅಂದ್ರೆ ಹೆಂಗೆ ಸ್ವಾಮಿ? ಇನ್ನೂ ಮಹಡಿ ಸಿಕ್ಕಿಲ್ಲ.” ಇಡೀ ಅಂಗೈ ಹಿಡಿದು ಹಿಂಡಿದ. ಬಿಟ್ಟು ಮತ್ತೆ ಹಿಂಡಿದ. “ಐವತ್ತು ಜನ ಪಿಟೀಲಿನೋರು. ಬಾಗ್ಲು ತೆಗೆದ.” ಮತ್ತೊಮ್ಮೆ ಹಿಂಡಿದ.

“ಶಿವನೇ,” ಎಂದ ಕರಿಯಯ್ಯ, ಸುತ್ತ ಸೇರಿದವರ ಕಡೆ ತಿರುಗಿ. “ನಮ್ಮಪ್ಪನ ಕಾಲದಿಂದ ದಲ್ಲಾಳಿ ಮಾಡ್ತಿವ್ನಿ. ಬಾಯಲ್ಲಿ ಇಂಥ ಮಾತಾಡ್ಕಂಡು ಕೈಯಲ್ಲಿ ಇಂಥ ಯಾಪಾರ ಮಾಡೋನ್ನ ನೋಡ್ನಿಲ್ಲ ಕಣ್ರಲಾ.”

ಜಯಕುಮಾರ ಕಣ್ಣೊರೆಸಿಕೊಂಡರು. ಕರಿಯಯ್ಯ ಟವಲು ಎಳೆದು ಇಬ್ಬರ ಅಂಗೈಯನ್ನೂ ಒಂದಕ್ಕೊಂದು ಚಟಾರನೆ ಬಡಿಸಿ, “ಆಯ್ತು ಯಾಪಾರ,” ಎಂದು ಕೂಗಿದ. ಉಮಾಶಂಕರನ ಹೆಗಲಿಂದ ಹಗ್ಗ ಇಳಿಯಿತು, ಹಸುವಿನ ಕೊರಳಿಗೆ ಏರಿತು. ಯಾರೋ ಅವನ ಹಣೆಗೆ ಕುಂಕುಮ ಇಟ್ಟರು. ಏನಾಯಿತೆಂದು ಅವನಿಗೆ ಗೊತ್ತಾದದ್ದು ಹಸು ಅವನ ತೋಳು ನೆಕ್ಕಿದಾಗ.

“ಅಲ್ಲ, ನಾನು ಸಂಗೀತ ಹೇಳ್ತಿದ್ದೆ,” ಅಂದ.

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಕರಿಯಯ್ಯ ಮಾತ್ರ ನಗಲಿಲ್ಲ. “ಬೆರಳು ಕೊಟ್ಟು ಹಿಂದಕ್ಕೆ ಹೋದೋರಿಗೆ ಈ ಸಂತೇಲಿ ನೀರು ಕೊಡೋರಿಲ್ಲ ಸಾಮಿ. ತಮಾಷೆಗೂ ಅನ್ಬೇಡಿ.”

ಜಯಕುಮಾರ ಅವನ ಭುಜ ಹಿಡಿದುಕೊಂಡರು. “ನೀವು ಹಿಡಿದಷ್ಟು ತಗೊಂಡ್ರೆ ನನಗೆ ಪಾಪ ಬರತ್ತೆ. ನಿಮ್ಮ ಚೀಲದ ಗಂಟಲ್ಲಿ ಎಷ್ಟಿದೆಯೋ ಅಷ್ಟು ಸಾಕು. ಹಸೂನ ಇಷ್ಟು ಆಸೆಪಟ್ಟು ತಗೊಳ್ಳೋರಿಗೆ ಈ ಪ್ಲೇಟು ಬಳುವಳಿ ಅಂತ ತಿಳ್ಕೊಳಿ.” ಹಾಗೆಂದು ಬಟ್ಟೆಯ ಗಂಟನ್ನು ಅವನ ಕೈಗಿಟ್ಟರು.

ಹೀಗೆ, ತರಲು ಹೋದದ್ದು ಬಿಟ್ಟಿ ಸಿಕ್ಕಿತು, ನೆಪಕ್ಕೆ ಹೇಳಿದ್ದಕ್ಕೆ ಗಂಟು ಖಾಲಿಯಾಯಿತು.

ಹಸುವನ್ನು ಹತ್ತಿಸಿದ ಟೆಂಪೋದಲ್ಲೇ ಹಳೇಬೀಡಿನವರೆಗೆ ಜಯಕುಮಾರರೂ ಡ್ರೈವರ್ ಪಕ್ಕ ಕೂತರು. ಇಳಿಯುವಾಗ, “ಎರಡು ದಿನ ಬಿಟ್ಟು ಬಂದು ಹಸು ಹೆಂಗೆ ಹೊಂದ್ಕೊಂಡಿದೆ ನೋಡ್ಕೊಂಡು ಹೋಗ್ತೀನಿ, ಇಲ್ದಿದ್ರೆ ಮನೇಲಿ ಊಟ ಹಾಕೋದಿಲ್ಲ,” ಎಂದರು. ಹಿಂದೆ ಹಸುವಿನ ಜೊತೆ ನಿಂತು, ಒಂದು ಕೈಯಲ್ಲಿ ಹಗ್ಗ, ಅಂಗಿಯೊಳಗೆ ಪ್ಲೇಟು ಹಿಡಿದು ಸರ್ಕಸ್ಸು ಮಾಡುತ್ತಿದ್ದ ಉಮಾಶಂಕರ ಕೇಳದೆಯೇ ತಲೆಯಾಡಿಸಿದ. ಜಾವಗಲ್ ದಾಟುವ ಹೊತ್ತಿಗೆ ಅವನ ಎದೆ ಹಗುರಾಗತೊಡಗಿತ್ತು. ಹೇಗಾದರಾಗಲಿ, ಪ್ಲೇಟು ಸಿಕ್ಕಿತು, ಸುಳ್ಳು ನಿಜವಾಯಿತು. ಭಾನುವಾರ ಲತಾಮಣಿ ಮಠಕ್ಕೆ ಹೋದರಾಯಿತು.

ಲತಾಮಣಿ ಮಠಕ್ಕೆ ಹೋಗುವ ಲಕ್ಷಣ ಕಾಣಲಿಲ್ಲ. ಹಸುವಿಗೆ ಆರತಿಯಾಯಿತು. ಬೀದಿಯ ಹೆಂಗಸರೆಲ್ಲ ಬಂದು ಕೆಚ್ಚಲು ಮುಟ್ಟಿ ನೋಡಿದರು. “ಚೌಕಾಸಿನೇ ಮಾಡ್ದೆ, ನನ್ ಹೆಂಡ್ತಿ ಕೇಳಿದಾಳೆ ಅಂತ ತಂದ್ರಂತೆ. ಬೇಲೂರಿಂದ ಬಂದೋರೇ ಹೇಳಿದ್ರು,” ಎಂದು ಅವಳು ಎಲ್ಲರಿಗೂ ಹೇಳಿದಳು. ಹುಚ್ಚಮ್ಮ ತನ್ನ ಗಂಡನನ್ನು ಕರೆದು ಉಮಾಶಂಕರನನ್ನು ತೋರಿಸಿ, “ನೋಡಿ ಕಲ್ತ್ಕಳಿ,” ಅಂದಳು. ರಾತ್ರಿ ಲತಾಮಣಿ ಬಡಿಸುವಾಗ ರೊಟ್ಟಿಯ ಮೇಲೆ ಎರಡು ಸಲ ತುಪ್ಪ ಹಾಕಿದಳು. ಆ ತುಪ್ಪ ಉಮಾಶಂಕರನ ಗಂಟಲಲ್ಲಿ ಇಳಿಯಲಿಲ್ಲ.

ಪ್ಲೇಟನ್ನು ಮೊದಲು ಹುಲ್ಲಿನ ಹೊರೆಯೊಳಗೆ ಇಟ್ಟಿದ್ದ. ಲತಾಮಣಿ ಗಳಿಗೆಗೊಮ್ಮೆ ಹುಲ್ಲು ಹಾಕಲು ಬರುತ್ತಿದ್ದಳು. ಕಾಯಿಯ ರಾಶಿಯ ಹಿಂದಕ್ಕೆ ಸಾಗಿಸಿದ. ಅವಳು ಹಸುವಿಗೆ ಜಾಗ ಮಾಡಲು ರಾಶಿಯನ್ನೇ ಸರಿಸಿದಳು. ಬೀರುವಿನ ಹಿಂದೆ, ಹಾಸಿಗೆಯ ಕೆಳಗೆ, ಮತ್ತೆ ಹುಲ್ಲಿಗೆ. ಸ್ವಂತ ಮನೆಯಲ್ಲಿ ಕಳ್ಳನಂತೆ ತಿರುಗುವ ಗಂಡನನ್ನು ನೋಡಿ, “ಹಸು ಮೇಲೆ ಎಷ್ಟು ಅಕ್ಕರೆ ನೋಡಿ, ಕೂತಲ್ಲಿ ಕೂರ್ತಿಲ್ಲ,” ಎಂದು ಅವಳು ಹುಚ್ಚಮ್ಮನಿಗೆ ಹೇಳಿದಳು. ಜೀವಮಾನವಿಡೀ ಹುಡುಕಿದ ಪ್ಲೇಟು ಮನೆಯಲ್ಲಿತ್ತು, ಒಂದು ಸುತ್ತು ತಿರುಗಿಸಿ ಕೇಳಲು ಅವನಿಗೆ ಆಗಲಿಲ್ಲ.

ಭಾನುವಾರ ಬೆಳಗ್ಗೆ ಕೊನೆಯ ಪ್ರಯತ್ನ ಮಾಡಿದ. “ಅಕ್ಕನ ಬಳಗಕ್ಕೆ ಹೊತ್ತಾಯ್ತಲ್ಲ?”

“ಈ ವಾರ ಬರಲ್ಲ ಅಂತ ಹೇಳ್ಬಿಟ್ಟೆ. ಬಂದ ಹೊಸದರಲ್ಲಿ ಹಸೂನ ಬಿಟ್ಟು ಹೋಗೋದುಂಟೇ?”

ಅಷ್ಟರಲ್ಲಿ ಗಂಗಾಧರಯ್ಯ ಹೋಟೆಲಿನ ಪಟಾಲಂ ಕಟ್ಟಿಕೊಂಡು ಬಂದೇಬಿಟ್ಟರು. ಪಡಸಾಲೆಯ ಚಾಪೆಯ ಮೇಲೆ ಎಲ್ಲರೂ ಕೂತರು. ಪ್ಲೇಯರಿನ ಮುಚ್ಚಳ ತೆರೆದಿತ್ತು. ಲತಾಮಣಿ ನಡುಮನೆಯ ಬಾಗಿಲಿಗೆ ಒರಗಿ ನಿಂತಳು.

“ಹಾಕಪ್ಪ ಕಾಡಿನ ಪ್ಲೇಟ್ನ,” ಅಂದರು ಗಂಗಾಧರಯ್ಯ.

ಉಮಾಶಂಕರ ಎದ್ದ, ಕೂತ, ಮತ್ತೆ ಎದ್ದ. ಹತ್ತು ಹೆಜ್ಜೆ ನಡೆದು ಹುಲ್ಲಿಗೆ ಕೈ ಹಾಕಿದರೆ ಗೆದ್ದ. ಆದರೆ ಪ್ಲೇಟು ಎಲ್ಲಿಂದ ಬಂತು ಎಂದು ಲತಾಮಣಿ ಕೇಳುತ್ತಾಳೆ. ಬೇಲೂರಿಗೆ ಹೋದದ್ದು ತನಗಾಗಿ ಅಲ್ಲ ಎಂದು ಅವಳಿಗೆ ಈ ಜನರೆಲ್ಲರ ಮುಂದೆ ತಿಳಿಯುತ್ತದೆ. ಅಟ್ಟ ಹೋದರೆ ಹೋಗಲಿ. ಎರಡು ದಿನದಿಂದ ಆ ಮುಖದಲ್ಲಿದ್ದ ನಗು ಹೋಗುವುದನ್ನು ನೋಡಲು ಅವನಿಗೆ ಧೈರ್ಯ ಬರಲಿಲ್ಲ.

“ಇಲ್ಲ ಮಾವ,” ಅಂದ. “ಆ ಪ್ಲೇಟು ನನ್ನತ್ರ ಇಲ್ಲ. ಸುಳ್ಳು ಹೇಳಿದ್ದೆ.”

ಗಂಗಾಧರಯ್ಯ ನಿಧಾನವಾಗಿ ಕಾಲು ಚಾಚಿದರು. “ಅನ್ನು ಮತ್ತೆ.”

“ಪದ್ಮಾಕರ್,” ಎಂದ ಉಮಾಶಂಕರ. ಕಣ್ಣು ಮುಚ್ಚಿಕೊಂಡ. “ಪದ್ಮಾಕರೇ ದೊಡ್ಡೋನು.”

ಜನ ಹೋ ಎಂದರು. ಆ ಗದ್ದಲದ ನಡುವೆ ಬಾಗಿಲಲ್ಲಿ ಬಿಳೀ ಪಂಚೆಯೊಂದು ಕಾಣಿಸಿತು. ಹಳೇಬೀಡಿನ ಜಯಕುಮಾರ. ಹಿಂದೆ ಬೆಲ್ಲದ ಡಬ್ಬಿ ಹಿಡಿದ ಶೀಲಾವತಿ.

“ಹಸು ನೋಡ್ಕೊಂಡು ಹೋಗೋಣ ಅಂತ ಬಂದ್ವಿ,” ಎಂದು ಜಯಕುಮಾರ ಕೈ ಮುಗಿದರು. ಪ್ಲೇಯರಿನ ತೆರೆದ ಮುಚ್ಚಳ ನೋಡಿ ಮುಖ ಅರಳಿತು. “ಸರಿಯಾದ ಹೊತ್ತಿಗೇ ಬಂದೆ ಅಂತ ಕಾಣತ್ತೆ. ನಾನು ಕೊಟ್ಟ ಕಾಡಿನ ಪ್ಲೇಟು ಹಾಕ್ತಿದೀರೇನು? ಅದಕ್ಕೇ ಅಂತ ಅಲ್ವೇ ನೀವು ಬೇಲೂರಿಗೆ ಬಂದದ್ದು.”

ಇಂಥ ಕಡೆ ಶೇಷಗಿರಿ ಮಾಸ್ತರು ಯಾವ ವಾದ್ಯ ಹಾಕುತ್ತಿದ್ದರೋ ಗೊತ್ತಿಲ್ಲ, ಪದ್ಮಾಕರನಾದರೆ ಸುಮ್ಮನೆ ಇರುತ್ತಿದ್ದ. ಮಾನವೂ ಹೋಗಿ, ಮಾನ ಕೊಟ್ಟು ಉಳಿಸಿಕೊಂಡಿದ್ದೂ ಹೋಗಿ ಉಮಾಶಂಕರ ಗೋಡೆಗೆ ಒರಗಿದ.

ಲತಾಮಣಿ ಗಂಡನನ್ನೇ ನೋಡಿದಳು. “ಎಲ್ಲೈತೆ?”

“ಹುಲ್ಲಲ್ಲಿ.”

“ಮನೇಲೇ ಇಟ್ಕೊಂಡು ಇಲ್ಲ ಅಂದ್ರಾ? ಇವ್ರ ಮುಂದೆ ಆ ಮಾತೂ ಅಂದ್ರಾ?”

“ನೀನು ಹಸು ನೋಡಿ ನಗ್ತಿದ್ದೆ,” ಅಂದ ಉಮಾಶಂಕರ.

ಲತಾಮಣಿ ಒಳಗೆ ಹೋದಳು. ಹಿತ್ತಲ ಬಾಗಿಲು ಧಡಾರನೆ ಬಡಿಯಿತು. ಗುಜರಿಯವನನ್ನು ಕರೆಯಲು ಹೋದಳೆಂದು ಉಮಾಶಂಕರ ತಿಳಿದ. ಅವಳು ಬಂದದ್ದು ಹುಲ್ಲಿನ ಎಸಳು ಅಂಟಿದ ಪ್ಲೇಟು ಹಿಡಿದುಕೊಂಡು. ಸೆರಗಿನಿಂದ ರಟ್ಟನ್ನು ಒರೆಸಿ ಪ್ಲೇಯರಿನ ಪಕ್ಕ ಇಟ್ಟಳು. ಮತ್ತೆ ಒಳಗೆ ಹೋಗಿ ಕಾಫಿಯ ತಟ್ಟೆ ತಂದಳು. ಗಟ್ಟಿ ಹಾಲಿನ ಕಾಫಿ, ವಾಸನೆಗೇ ಗಂಗಾಧರಯ್ಯನವರ ಕೈ ಮುಂದೆ ಬಂತು. ಅವಳು ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

“ಮಾವ, ಪ್ಲೇಟು ಇದೆ. ಪಂಥ ಅವರು ಗೆದ್ರು. ಈ ಮನೇಲಿ ಶೇಷಗಿರಿ ಮಾಸ್ತರೇ ದೊಡ್ಡೋರು. ಹಾಲು ನಮ್ಮ ಹಸೂದು. ಅಂದು ಕುಡೀರಿ.”

ಗಂಗಾಧರಯ್ಯ ಕಾಫಿಯನ್ನು ನೋಡಿದರು, ಪ್ಲೇಟನ್ನು ನೋಡಿದರು, ಸೋದರಸೊಸೆಯ ಮುಖ ನೋಡಿದರು. ಮೂವತ್ತು ವರ್ಷ ಹಸಿರು ಬಾವುಟ ಹಿಡಿದ ಮನುಷ್ಯ, ಯಾವಾಗ ಬಿಡಬೇಕೆಂದು ಗೊತ್ತಿತ್ತು. “ಶೇ... ಶೇಷಗಿರೀನೇ ದೊಡ್ಡೋನು ಕಣಮ್ಮ,” ಎಂದು ಲೋಟ ಈಸಿಕೊಂಡರು.

ಉಮಾಶಂಕರನಿಗೆ ಸ್ವರ್ಗ ಮೂರೇ ಗೇಣು. ಓಡಿಹೋಗಿ ಪ್ಲೇಟಿಗೆ ಕೈ ಹಾಕಿದ. ಲತಾಮಣಿ ಆ ಕೈಗೆ ಒಂದು ಬಕೇಟು ಕೊಟ್ಟಳು.

“ಪ್ಲೇಟು ನಾನು ಹಾಕ್ತೀನಿ. ನಂಗೆ ಸುಳ್ಳು ಹೇಳಿ ಹೋಗಿ ತಂದಿರೋ ಹಸು ಅದು. ಇನ್ಮೇಲೆ ಹಾಲು ಕರೆಯೋದು ನೀವು. ದಿನಾ, ಎರಡೂ ಹೊತ್ತು. ಇವತ್ತು ಬೆಳಗಿಂದು ಅರ್ಧ ಬಿಟ್ಟಿದೀನಿ, ನಡೀರಿ.”

ಹೀಗೆ ಅರಸೀಕೆರೆಯ ಮಹಾ ಸಂಗ್ರಾಹಕ, ಜನವೆಲ್ಲ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತ ಕೇಳುತ್ತಿದ್ದ ಕಾಡಿನ ಪ್ಲೇಟನ್ನು ಹಿತ್ತಲ ಕೊಟ್ಟಿಗೆಯಲ್ಲಿ, ಜಯಕುಮಾರರು ಪಕ್ಕದಲ್ಲಿ ನಿಂತು ಹೇಗೆ ಕರೆಯಬೇಕೆಂದು ಹೇಳಿಕೊಡುತ್ತಿರುವಾಗ, ಹಸುವಿನ ಹೊಟ್ಟೆಗೆ ಹಣೆ ಕೊಟ್ಟುಕೊಂಡು ಕೇಳಿದ. ಒಂದು ಪಿಟೀಲು ಎದ್ದಿತು. ಕೊಳಲು ಸೇರಿತು. ವೀಣೆ ಬಂತು. ಅವನ ಕಣ್ಣಲ್ಲಿ ನೀರು ತುಂಬಿತು.

“ಕೇಳಿದ್ಯಾ ಲತಾ?” ಎಂದು ಕೊಟ್ಟಿಗೆಯಿಂದಲೇ ಕೂಗಿದ. “ಈಗ ಬಂತಲ್ಲ, ಅದೇ ನಮ್ಮ ಮಾಸ್ತರು.”

ಒಳಗಿನಿಂದ ಲತಾಮಣಿ ಹೇಳಿದಳು, “ಕೇಳ್ತಾ ಇದೀನಿ. ಚೆನ್ನಾಗೈತೆ. ಕೈ ನಿಲ್ಲಿಸ್ಬೇಡಿ.”